ತೂತು ಬಿದ್ದ ವರಹ: ಸರಿಪಡಿಸಬೇಕೆ?

ಕೃಷ್ಣದೇವರಾಯನ (1509–1529) ಚಿನ್ನದ ವರಹದ ತೂಕ ಸುಮಾರು 3.4 ಗ್ರಾಂ. ಒಂದು ಮುಖದಲ್ಲಿ ಕುಳಿತ ಬಾಲಕೃಷ್ಣ. ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’. ಹಳೆಯ ಚಿನ್ನದ ನಾಣ್ಯಗಳಿಗೆ ತೂತು ಕೊರೆದು, ಕೊಂಡಿ ಬೆಸೆದು ಸರಕ್ಕೆ ಪೋಣಿಸುವುದು ವಾಡಿಕೆಯಾಗಿತ್ತು.

ತೂತು ಮುಚ್ಚಿದರೆ?
ಹೊಸ ಚಿನ್ನ ತುಂಬಿದರೆ ನಾಣ್ಯದ ತೂಕವೂ ಲೋಹದ ಪ್ರಮಾಣವೂ ಬದಲಾಗುತ್ತವೆ. ಅವು ಆ ಕಾಲದ ಆರ್ಥಿಕತೆಗೆ ಸಾಕ್ಷಿ. ಸವೆದ ಅಕ್ಷರವನ್ನು ಮತ್ತೆ ಕೆತ್ತಿದರೆ ಅದು ಟಂಕಸಾಲೆಯ ಅಕ್ಷರವಲ್ಲ, ಇಂದಿನ ಅಕ್ಕಸಾಲಿಗನದು. ತೇಪೆ ಹಾಕಿದ ನಾಣ್ಯವನ್ನು ಸಂಗ್ರಾಹಕರು ಹಾನಿಗೊಂಡದ್ದೆಂದೇ ಎಣಿಸುತ್ತಾರೆ. ತೇಪೆಯನ್ನು ಮುಚ್ಚಿಟ್ಟು ಮಾರುವುದು ಮೋಸ.

ತಾಮ್ರದ ನಾಣ್ಯ
ಟಿಪ್ಪು ಸುಲ್ತಾನನ ಆನೆಯ ಗುರುತಿನ ತಾಮ್ರದ ಕಾಸುಗಳ ಮೇಲೆ ಕಾಲ ಕಳೆದಂತೆ ಕಂದು ಪದರ ಕಟ್ಟುತ್ತದೆ. ಅದು ಕೊಳೆಯಲ್ಲ, ಲೋಹಕ್ಕೆ ಹೊದಿಕೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಕಾಸು ಹೊಳೆಯುತ್ತದೆ, ಆದರೆ ಹೊದಿಕೆಯ ಜೊತೆ ಸೂಕ್ಷ್ಮ ಗುರುತುಗಳೂ ಅಳಿಯುತ್ತವೆ.

ಯಾವಾಗ ಚಿಕಿತ್ಸೆ ಬೇಕು?
ತಾಮ್ರ, ಕಂಚಿನ ಮೇಲೆ ತಿಳಿಹಸಿರು ಪುಡಿ ಉದುರುತ್ತಿದ್ದರೆ ಕ್ಲೋರೈಡ್ ಲವಣ ಲೋಹವನ್ನು ತಿನ್ನುತ್ತಿರಬಹುದು. ತೇವ ಅದನ್ನು ಹೆಚ್ಚಿಸುತ್ತದೆ. ಅಂಥ ನಾಣ್ಯವನ್ನು ಬೇರೆಯಾಗಿ, ಒಣ ಜಾಗದಲ್ಲಿಟ್ಟು ಸಂರಕ್ಷಣಾ ತಜ್ಞರಿಗೆ ತೋರಿಸಬೇಕು. ಅವರ ಕೆಲಸ ಹಾನಿಯನ್ನು ತಡೆಯುವುದು, ಹೊಸದಾಗಿಸುವುದಲ್ಲ.

ತೂತು ಕೂಡ ನಾಣ್ಯದ ಚರಿತ್ರೆಯ ಭಾಗ. ನಿಮ್ಮ ಮನೆಯಲ್ಲಿ ಹಳೆಯ ನಾಣ್ಯವಿದ್ದರೆ ಅಂಚು ಹಿಡಿದು ಎತ್ತಿ, ತಿಕ್ಕಬೇಡಿ, ಇದ್ದಂತೆಯೇ ಉಳಿಸಿ.