ಹಾಲು, ಮೊಟ್ಟೆ ಅಲರ್ಜಿ: ಮಗು ಬೆಳೆದಂತೆ ಹೋಗುತ್ತದೆಯೇ?

ಹಾಲು ಕುಡಿದರೆ ಮೈಮೇಲೆ ದದ್ದು, ಮೊಟ್ಟೆ ತಿಂದರೆ ತುಟಿ ಊತ, ವಾಂತಿ. ಆಹಾರದ ಪ್ರೋಟೀನನ್ನು ದೇಹದ ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ಭಾವಿಸಿ ಐಜಿಇ ಎಂಬ ಪ್ರತಿಕಾಯ ತಯಾರಿಸುವುದೇ ಇದಕ್ಕೆ ಕಾರಣ. ಹಾಲಿನ ಸಕ್ಕರೆ ಅರಗದೆ ಹೊಟ್ಟೆ ಉಬ್ಬರಿಸುವ ಲ್ಯಾಕ್ಟೋಸ್ ತೊಂದರೆ ಬೇರೆ, ಇದು ಬೇರೆ.

ಹೆಚ್ಚಿನ ಮಕ್ಕಳಲ್ಲಿ ಈ ಅಲರ್ಜಿ ತಾನಾಗಿಯೇ ಹೋಗುತ್ತದೆ. ಆದರೆ ಯಾವಾಗ ಎಂಬುದೇ ಪ್ರಶ್ನೆ. ಮೂರು ವರ್ಷ ತುಂಬಿದರೆ ಸರಿಹೋಗುತ್ತದೆ ಎಂಬ ಮಾತು ಹಿಂದಿನಿಂದಲೂ ಇದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನಗಳ ಲೆಕ್ಕ ಬೇರೆಯೇ ಇತ್ತು. ಹಾಲಿನ ಅಲರ್ಜಿಯಿದ್ದ 800ಕ್ಕೂ ಹೆಚ್ಚು ಮಕ್ಕಳಲ್ಲಿ 4ನೇ ವಯಸ್ಸಿಗೆ ಗುಣವಾದವರು ಶೇ.19 ಮಾತ್ರ. 8ಕ್ಕೆ ಶೇ.42, 16ಕ್ಕೆ ಶೇ.79. ಮೊಟ್ಟೆಯದು ಇನ್ನೂ ನಿಧಾನ: 4ಕ್ಕೆ ಶೇ.4, 10ಕ್ಕೆ ಶೇ.37, 16ಕ್ಕೆ ಶೇ.68. ಆದರೆ ಅಂಥ ದೊಡ್ಡ ಆಸ್ಪತ್ರೆಗೆ ಬರುವುದು ತೀವ್ರ ಅಲರ್ಜಿಯ ಮಕ್ಕಳು. ಉಳಿದವರಲ್ಲಿ ಇದಕ್ಕಿಂತ ಬೇಗನೆ ಹೋಗುವುದುಂಟು. ರಕ್ತದಲ್ಲಿ ಐಜಿಇ ಮಟ್ಟ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಒಳ್ಳೆಯ ಸೂಚನೆ. ಜೊತೆಗೆ ಅಸ್ತಮಾ ಇದ್ದರೆ ತಡವಾಗಬಹುದು.

ಹಾಲು, ಮೊಟ್ಟೆ ನೇರವಾಗಿ ಆಗದ ಹಲವು ಮಕ್ಕಳಿಗೆ ಅವನ್ನೇ ಬೆರೆಸಿದ ಕೇಕ್ ಆಗುತ್ತದೆ! ಓವನ್ನಿನಲ್ಲಿ ಗೋಧಿ ಹಿಟ್ಟಿನೊಂದಿಗೆ ಅರ್ಧ ಗಂಟೆ ಬೆಂದಾಗ ಕೆಲವು ಪ್ರೋಟೀನುಗಳ ರೂಪವೇ ಬದಲಾಗುತ್ತದೆ. ಇಂಥ ಮಕ್ಕಳು ಅಲರ್ಜಿಯಿಂದ ಬೇಗ ಹೊರಬರುವ ಸಾಧ್ಯತೆ ಹೆಚ್ಚು. ಹಾಗಾದರೆ ನಮ್ಮ ಮನೆಗಳಲ್ಲಿ ಹಾಲು ಕಾಯಿಸಿಯೇ ಕೊಡುತ್ತೇವಲ್ಲ ಎನ್ನಬೇಡಿ. ಎಷ್ಟು ಬಾರಿ ಉಕ್ಕಿಸಿದರೂ ಹಾಲಿನ ಕೇಸಿನ್ ಪ್ರೋಟೀನ್ ಜಗ್ಗುವುದಿಲ್ಲ. ಮೇಕೆ, ಎಮ್ಮೆ ಹಾಲಿನ ಪ್ರೋಟೀನುಗಳೂ ಹಸುವಿನದ್ದನ್ನೇ ಹೋಲುವುದರಿಂದ ಅವೂ ಪರ್ಯಾಯವಲ್ಲ.

'ಒಂದು ಚೂರು ಪೇಡಾ ಕೊಟ್ಟು ನೋಡೋಣ' ಎಂಬ ಮನೆಯ ಪ್ರಯೋಗ ಮಾತ್ರ ಬೇಡವೇ ಬೇಡ. ಉಸಿರು ಕಟ್ಟಿ ಪ್ರಾಣಕ್ಕೇ ಕುತ್ತು ಬರಬಹುದು. ಅಲರ್ಜಿ ತಜ್ಞರಿರುವ ಆಸ್ಪತ್ರೆಯಲ್ಲಿ, ಅಡ್ರಿನಲಿನ್ ಚುಚ್ಚುಮದ್ದು ಕೈಗೆಟುಕುವಂತೆ ಇಟ್ಟುಕೊಂಡು, ಚೂರುಚೂರೇ ತಿನ್ನಿಸಿ ಕೆಲವು ಗಂಟೆ ಗಮನಿಸುತ್ತಾರೆ. ಕೇಕ್ ಆಗುತ್ತದೆಯೇ ಎಂಬುದನ್ನೂ ಹೀಗೆಯೇ ನೋಡಬೇಕು. ಇನ್ನು ಕೆಲವರು ಒಮ್ಮೆ ಬಿಡಿಸಿದ ಹಾಲನ್ನು ಮತ್ತೆ ಪರೀಕ್ಷಿಸುವುದೇ ಇಲ್ಲ. ಅಲರ್ಜಿ ಎಂದೋ ಹೋಗಿದ್ದರೂ ಮಗು ಸುಮ್ಮನೆ ಪಥ್ಯದಲ್ಲೇ ಇರುತ್ತದೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವುದು ಒಳ್ಳೆಯದು.

ಅಂದಹಾಗೆ, ಮೊಟ್ಟೆ ಅಲರ್ಜಿ ಇದೆಯೆಂದು ಎಂಎಂಆರ್ ಲಸಿಕೆ ತಪ್ಪಿಸಬೇಕಿಲ್ಲ. ಹಳದಿ ಜ್ವರದ ಲಸಿಕೆ ಹಾಕಿಸುವುದಿದ್ದರೆ ಮಾತ್ರ ವೈದ್ಯರಿಗೆ ಮೊದಲೇ ತಿಳಿಸಿ.