ದುಡಿಮೆ ಕೊಟ್ಟ ಹೆಸರು

ನಮ್ಮ ಸಿಂದಗಿ ಕಡೆ ಅಡ್ಡಹೆಸರು ಕೇಳಿದರೆ ಹಿರಿಯರ ಕಸುಬು ತಿಳಿಯುತ್ತದೆ. ಅರಳೆ ಹಿಂಜಿದವರು ನದಾಫ, ಹಣ್ಣು-ಕಾಯಿಪಲ್ಲೆ ಮಾರಿದವರು ಬಾಗವಾನ, ಸುಗಂಧ ಮಾರಿದವರು ಅತ್ತಾರ. ಕಸುಬು ಬಿಟ್ಟು ಎರಡು ತಲೆಮಾರು ಕಳೆದರೂ ಹೆಸರು ನಮ್ಮನ್ನು ಬಿಡುವುದಿಲ್ಲ.

ಕಲೆಯೂ ಒಂದು ಕಸುಬೇ. 1980ರಲ್ಲಿ ‘ಮುಖ್ಯಮಂತ್ರಿ’ ನಾಟಕದ ಪಾತ್ರ ಒಬ್ಬ ನಟನನ್ನು ಮುಖ್ಯಮಂತ್ರಿ ಚಂದ್ರು ಮಾಡಿತು. ಅದೇ ದಶಕದಲ್ಲಿ ದೂರದರ್ಶನಕ್ಕೆ ಬಂದ ‘ಸಿಹಿ ಕಹಿ’ ಧಾರಾವಾಹಿ ಇನ್ನೊಬ್ಬ ನಟನನ್ನು ಸಿಹಿ ಕಹಿ ಚಂದ್ರು ಮಾಡಿತು. ಅವರ ಪತ್ನಿ ಗೀತಾ ಅವರೂ ಸಿಹಿ ಕಹಿ ಗೀತಾ ಆದರು. ಧಾರಾವಾಹಿಯ ಹೆಸರೇ ಮನೆತನದ ಹೆಸರಾಯಿತು.

ಚಂದ್ರು ಸಿನಿಮಾಗಳಲ್ಲಿ ನಗಿಸಿದರು. 2000ದ ನಂತರ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಹಾಸ್ಯ ಧಾರಾವಾಹಿಗಳನ್ನು ನಿರ್ಮಿಸಿದರು. ಮುಂದೆ ‘ಬೊಂಬಾಟ್ ಭೋಜನ’ದಲ್ಲಿ ಒಲೆಯ ಮುಂದೆ ನಿಂತರು. ಆಗ ಹಳೆಯ ಹೆಸರಿಗೆ ನಿಜವಾಗಿಯೂ ರುಚಿ ಬಂತು.

ಸಿಹಿ ಕಹಿ ಎಂದರೆ ಜನ ನಗುತ್ತಾರೆ, ಜಾತಿ ಕೇಳುವುದಿಲ್ಲ. ನದಾಫ ಎಂದೊಡನೆ ದೊಡ್ಡ ಊರಿನಲ್ಲಿ ಖಾಲಿ ಇದ್ದ ಬಾಡಿಗೆ ಮನೆಯೂ ಕೆಲವೊಮ್ಮೆ ಖಾಲಿ ಇರುವುದಿಲ್ಲ. ಎರಡೂ ದುಡಿಮೆಯೇ ಕೊಟ್ಟ ಹೆಸರುಗಳು. ಒಂದರಲ್ಲಿ ನಾವು ದುಡಿಮೆಯನ್ನು ನೋಡುತ್ತೇವೆ. ಇನ್ನೊಂದರಲ್ಲಿ ಅದನ್ನು ಮರೆತಿದ್ದೇವೆ.