ಪರಸಗಡ: ಅಳಿದುಹೋದ ಕ್ಷೇತ್ರನಾಮ

ನವಿಲುತೀರ್ಥದಲ್ಲಿ ಮಲಪ್ರಭೆಯು ಗುಡ್ಡವನ್ನು ಸೀಳಿ ಹರಿಯುವ ಸ್ಥಾನವು ವಾಚಕರಿಗೆ ಪರಿಚಿತವಾದುದೇ. ಈ ಪ್ರದೇಶಕ್ಕೆ ಪರಸಗಡವೆಂಬ ಹೆಸರು ಬಹುಕಾಲ ಸಂದಿತ್ತು. ಸವದತ್ತಿಗೆ ಸಮೀಪದ ಗಿರಿದುರ್ಗವೇ ಆ ಹೆಸರಿಗೆ ಮೂಲವು. ಮುಂಬಯಿ ಪ್ರಾಂತದ ಆಡಳಿತದಲ್ಲಿ ತಾಲೂಕಿನ ಹೆಸರು ಪರಸಗಡ. ಕಚೇರಿಯು ಮಾತ್ರ ಸವದತ್ತಿಯಲ್ಲಿ. ನೆರೆಯ ಸಂಪಗಾಂವಿ ತಾಲೂಕಿನ ಕಚೇರಿಯೂ ಹೀಗೆಯೇ ಬೈಲಹೊಂಗಲದಲ್ಲಿತ್ತು.

1956ರಲ್ಲಿ ಈ ಭಾಗವು ಮೈಸೂರು ರಾಜ್ಯವನ್ನು ಸೇರಿದ ತರುವಾಯವೂ ವಿಧಾನಸಭೆಯ ಕ್ಷೇತ್ರಕ್ಕೆ ಪರಸಗಡವೆಂಬ ಹೆಸರೇ ನಡೆದು ಬಂದಿತು. 2004ರ ಸಾರ್ವತ್ರಿಕ ಚುನಾವಣೆಯೇ ಆ ಹೆಸರಿಗೆ ಕಡೆಯದು. 2001ರ ಜನಗಣತಿಯನ್ನು ಆಧರಿಸಿದ ಕ್ಷೇತ್ರ ಪುನರ್ವಿಂಗಡಣೆಯು 2008ರಲ್ಲಿ ಜಾರಿಗೆ ಬರಲು, ಸವದತ್ತಿ ಯಲ್ಲಮ್ಮ ಎಂಬ ನೂತನ ಅಭಿಧಾನವು ಅದರ ಸ್ಥಾನವನ್ನು ಪಡೆಯಿತು.

ಇಂಗ್ಲೆಂಡಿನ ಓಲ್ಡ್ ಸೇರಂ ಎಂಬ ಗುಡ್ಡದ ಕೋಟೆಯ ಇತಿಹಾಸವು ಇದಕ್ಕೆ ವಿಪರೀತವಾದುದು. ಜನವಸತಿಯು ಅಳಿದ ಮೇಲೂ ಆ ಸ್ಥಳದ ಹೆಸರಿನಿಂದ ಇಬ್ಬರು ಸಭಾಸದರು ಪಾರ್ಲಿಮೆಂಟಿಗೆ ಹೋಗುತ್ತಿದ್ದರು. 1832ರ ಸುಧಾರಣಾ ಶಾಸನವು ಆ ಅನ್ಯಾಯವನ್ನು ತೊಡೆದುಹಾಕಿತು. ಅಲ್ಲಿ ಜನರು ಹೋಗಿ ಹೆಸರು ಉಳಿದಿತ್ತು. ಇಲ್ಲಿ ಜನರಿರುವಂತೆಯೇ ಹೆಸರು ಹೋಯಿತು.

ಇದರಿಂದ ಮತದಾರನ ಹಕ್ಕೇನೂ ಕುಂದಿಲ್ಲ. ದೇವಿಯ ನಾಮವೂ ಪೂಜ್ಯವೇ. ಆದರೂ ಹಳೆಯ ಕಂದಾಯದ ಕಾಗದಗಳಲ್ಲಿಯೂ ಚುನಾವಣೆಯ ದಾಖಲೆಗಳಲ್ಲಿಯೂ ಪರಸಗಡವೆಂದು ಓದಿದಾಗ, ಇದು ತಮ್ಮ ನಾಡೇ ಎಂದು ಮುಂದಿನವರು ಗುರುತಿಸಲಾರದೆ ಹೋದರೆ, ಅವರ ಹಿರಿಯರು ಮತವಿತ್ತು ಆಳಿಕೊಂಡ ಕಾಲದ ಚರಿತ್ರೆಯು ಅನಾಥವಾಗುವುದು. ಆದುದರಿಂದ ಶಾಲೆಗಳ ನಕಾಶೆಗಳಲ್ಲಿ ಎರಡು ಹೆಸರುಗಳನ್ನೂ ಕೂಡಿಯೇ ಬರೆಯಿಸುವುದು ಯುಕ್ತವೆಂದು ನಮ್ಮ ವಿಜ್ಞಾಪನೆ.